ಏಳನೆಯ ಸೀಸೆಯ ಹುಳಿ

ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು ದೊಡ್ಡಗಂಗಮ್ಮನನ್ನು ಮೊದಲು ಕಂಡದ್ದು ತುಮಕೂರಿನ ಹುಣಸೆಹಣ್ಣಿನ ಮಂಡಿಯಲ್ಲಿ, ಅವಳು ಮಂಡಿಯ ಯಜಮಾನ ಗುಂಡಯ್ಯನ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದ ದಿವಸ. ಎರಡು ಸಾವಿರದ ಮೂರನೆಯ ಇಸವಿಯ ಮಾರ್ಚ್ ತಿಂಗಳು. ಮೇಷ್ಟ್ರು ಗುಬ್ಬಿಯ ಒಂದು ಖಾಸಗಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದವರು. ವರ್ಷಕ್ಕಾಗುವಷ್ಟು ಹಣ್ಣು ಕೊಳ್ಳಲು ಕೈಚೀಲ ಹಿಡಿದು ಬಂದಿದ್ದರು. ಗುಂಡಯ್ಯ ಮಿರಮಿರನೆ ಮಿಂಚುವ ಒಂದು ರಾಶಿಯನ್ನು ತೋರಿಸಿ, "ಹೊಸ ಹಣ್ಣು ಸ್ವಾಮಿ, ನಿನ್ನೆ ಮರದಿಂದ ಇಳಿದದ್ದು" ಎಂದು ಹೊಗಳುತ್ತಿದ್ದ. ಅಲ್ಲೇ ಮಗ್ಗುಲಲ್ಲಿ ಕುಳಿತು ಬೀಜ ಬಿಡಿಸುತ್ತಿದ್ದ ಕೂಲಿ ಹೆಂಗಸರ ಸಾಲಿನಿಂದ ಒಂದು ದನಿ ಬಂತು.

"ಸ್ವಾಮಿ, ಆ ರಾಶಿ ಬ್ಯಾಡ ಬುಡಿ. ಅದು ಹೋದೊರ್ಸದ್ದು. ಬೆಲ್ಲದ ನೀರು ಚಿಮುಕ್ಸವ್ರೆ."

"ಏನಮ್ಮೀ, ನನ್ನ ಅನ್ನ ತಿಂದು ನನ್ಗೇ ಮಣ್ಣಾಕ್ತೀಯಾ?" ಎಂದ ಗುಂಡಯ್ಯ.

"ನಿಮ್ಮನ್ನ ಯಾಕ್ ತಿನ್ಲಿ? ಬೆಳಗ್ನಿಂದ ಬೀಜ ಬಿಡ್ಸಿದೀನಿ, ಅದುನ್ ತಿಂತೀನಿ. ಸುಳ್ಳಾದ್ರೆ ನೋಡಿ."

ಅವಳು ಕೈಯಲ್ಲಿದ್ದ ತಾಮ್ರದ ಕಡಗವನ್ನು ಕಳಚಿದಳು. ಬೆವರಿಗೆ, ದೂಳಿಗೆ ಕಪ್ಪಿಟ್ಟಿದ್ದ ಕಡಗ. ಅದರ ಅರ್ಧಕ್ಕೆ ಗುಂಡಯ್ಯನ ರಾಶಿಯ ಹಣ್ಣನ್ನೂ, ಉಳಿದರ್ಧಕ್ಕೆ ತನ್ನ ಮಡಿಲಲ್ಲಿದ್ದ ಹಣ್ಣನ್ನೂ ತಿಕ್ಕಿದಳು; ನೀರಿನಲ್ಲಿ ಅದ್ದಿ ತೆಗೆದಳು. ಅವಳ ಹಣ್ಣು ತಿಕ್ಕಿದ ಅರ್ಧ ಈಗಷ್ಟೇ ಕಂಚುಗಾರನ ಅಂಗಡಿಯಿಂದ ಬಂದಂತೆ ಹೊಳೆಯಿತು. ಇನ್ನೊಂದರ್ಧ ಮಂಕಾಗಿಯೇ ಉಳಿಯಿತು. ಹೆಂಗಸರು ಕಿಸಕ್ಕನೆ ನಕ್ಕರು. ಗುಂಡಯ್ಯ ನಗಲಿಲ್ಲ. "ನಾಳೆಯಿಂದ ನೀನು ಈ ಕಡೆ ತಲೆ ಹಾಕ್ಬ್ಯಾಡ" ಎಂದ.

"ನಾಳೆ ಯಾಕೆ, ಇವತ್ತೇ ಹೋಯ್ತೀನಿ" ಎಂದು ದೊಡ್ಡಗಂಗಮ್ಮ ಎದ್ದಳು.

ಮೇಷ್ಟ್ರಿಗೆ ಮನಸ್ಸು ಕಲಕಿತು. ತನ್ನ ಕೈಚೀಲದ ದೆಸೆಯಿಂದ ಒಬ್ಬಳ ಕೂಲಿ ಹೋಯಿತಲ್ಲ! ಬಸ್‌ಸ್ಟ್ಯಾಂಡಿನವರೆಗೂ ಅವಳ ಜೊತೆ ನಡೆದುಕೊಂಡೇ ಬಂದರು. ಚೇಳೂರಿನ ಹತ್ತಿರದ ಹೆಣ್ಣು, ವಯಸ್ಸು ಇಪ್ಪತ್ತೈದು, ಓದು ಏಳನೆಯ ತರಗತಿ, ಹುಣಸೆ ಕಾಲದಲ್ಲಿ ತುಮಕೂರು, ಮಿಕ್ಕ ಕಾಲದಲ್ಲಿ ಯಾರದೋ ಹೊಲ. "ನಮ್ಮ ಕಾಲೇಜಿನ ಲ್ಯಾಬಿಗೆ ಒಬ್ಬರು ಬೇಕು. ಗಾಜಿನ ಸಾಮಾನು ತೊಳೆಯುವ ಕೆಲಸ. ಬರ್ತೀಯೇನಮ್ಮ?" ಎಂದು ಕೇಳಿದರು.

"ಅಲ್ಲೂ ಸುಳ್ಳು ಹೇಳೋರು ಅವ್ರಾ?" ಎಂದಳು ಅವಳು.

"ಮನುಷ್ಯರ ಮಾತು ಗೊತ್ತಿಲ್ಲ. ಸೀಸೆಗಳು ಮಾತ್ರ ಹೇಳುವುದಿಲ್ಲ" ಎಂದರು ಮೇಷ್ಟ್ರು.

ಹೀಗೆ ದೊಡ್ಡಗಂಗಮ್ಮ ಗುಬ್ಬಿಗೆ ಬಂದಳು. ಹಂಗಾಮಿ ಎಂದು ಸೇರಿದವಳು ಇಪ್ಪತ್ತು ವರ್ಷ ಹಂಗಾಮಿಯಾಗಿಯೇ ಉಳಿದಳು. ಹುಡುಗಿಯರ ಬಾಯಲ್ಲಿ ಗಂಗಮ್ಮಕ್ಕ ಆದಳು.

ಅವಳ ಕೆಲಸ ತೊಳೆಯುವುದು. ಆದರೆ ತೊಳೆಯುವವರಿಗೆ ತಿಳಿಯುವ ಎಷ್ಟೋ ಸಂಗತಿಗಳು ಪಾಠ ಹೇಳುವವರಿಗೆ ತಿಳಿಯುವುದಿಲ್ಲ. ಬೆಂಜಾಯಿಕ್ ಆಮ್ಲ ತಣ್ಣೀರಿಗೆ ಜಗ್ಗುವುದಿಲ್ಲ. ಪ್ರನಾಳದ ಗೋಡೆಗೆ ಒಣಗಿದ ರಾಗಿ ಅಂಬಲಿಯ ಹಕ್ಕಳೆಯ ಹಾಗೆ ಹಿಡಿದು ಕೂರುತ್ತದೆ. ಬಿಸಿನೀರು ಹೊಯ್ದರೆ ಮಾತ್ರ ಬಿಡುತ್ತದೆ. ಫೀನಾಲ್ ಹಚ್ಚಿದ ಬೆರಳು ಬೆಳ್ಳಗಾಗಿ ಆಮೇಲೆ ಉರಿಯುತ್ತದೆ. ಅನಿಲೀನ್ ಎಷ್ಟು ಉಜ್ಜಿದರೂ ವಾಸನೆ ಉಳಿಸಿಯೇ ಹೋಗುತ್ತದೆ. ಇವೆಲ್ಲ ಗಂಗಮ್ಮನ ಕೈಗೆ ಬಾಯಿಪಾಠವಾಗಿದ್ದವು.

ಮೇಷ್ಟ್ರು ಅವಳ ಪ್ರಶ್ನೆಗಳನ್ನು ತಳ್ಳಿಹಾಕಿದವರಲ್ಲ. ಒಂದು ಮಧ್ಯಾಹ್ನ ಅವಳು ಕೇಳಿದಳು: "ಹುಣಸೆಹಣ್ಣು ಹುಳಿ, ನಿಂಬೆಹಣ್ಣು ಹುಳಿ. ಸ್ಪಿರಿಟ್ ಯಾಕೆ ಹುಳಿ ಅಲ್ಲ ಮೇಷ್ಟ್ರೆ? ಅದ್ರಲ್ಲೂ ಅದೇ ಆಮ್ಲಜನಕ, ಅದೇ ಜಲಜನಕ ಅಂತ ಬೋರ್ಡ್ ಮ್ಯಾಲೆ ಬರೀತೀರಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಪ್ರಶ್ನೆ ಬಂದಾಗ ಅವರು ಮಾಡುತ್ತಿದ್ದುದೇ ಅದು.

"ಆಮ್ಲ ಅಂದರೆ ಜಲಜನಕವನ್ನು ಬಿಟ್ಟುಕೊಡುವುದು, ಗಂಗಮ್ಮ. ಹೋಗುವಾಗ ಅದು ತನ್ನ ಎಲೆಕ್ಟ್ರಾನನ್ನು ಇಲ್ಲೇ ಬಿಟ್ಟು ಹೋಗುತ್ತೆ. ಅದೊಂದು ಮೂಟೆ ಅನ್ನು. ಉಳಿದವರು ಆ ಮೂಟೆ ಹೊರಬಲ್ಲರಾ ಅನ್ನೋದರ ಮೇಲೆ ಹುಳಿ ನಿಂತಿದೆ. ಸ್ಪಿರಿಟ್ಟಿನಲ್ಲಿ ಮೂಟೆ ಪೂರಾ ಒಂದೇ ಆಮ್ಲಜನಕದ ತಲೆ ಮೇಲೆ. ಅದು ತಡೀಲಾರದೆ ಹೋದ ಜಲಜನಕವನ್ನ ವಾಪಸ್ಸು ಕರೆದುಕೊಳ್ಳುತ್ತೆ. ಹುಣಸೆಹಣ್ಣಲ್ಲಿ, ಒಂದೇ ಕಾರ್ಬನ್ನಿನ ಆಚೆಗೊಂದು ಈಚೆಗೊಂದು, ಎರಡು ಆಮ್ಲಜನಕ. ಅದಕ್ಕೆ ಕಾರ್ಬಾಕ್ಸಿಲ್ ಗುಂಪು ಅಂತ ಹೆಸರು."

"ಬೊಂಬಿಗೆ ಮೂಟೆ ಕಟ್ಟಿ ಇಬ್ರು ಹೆಗಲು ಕೊಟ್ಟಂಗೆ" ಎಂದಳು ಗಂಗಮ್ಮ. ಮಂಡಿಯಲ್ಲಿ ಹೆಂಗಸರು ಮೂಟೆ ಸಾಗಿಸುತ್ತಿದ್ದುದು ಹಾಗೆಯೇ.

ಮೇಷ್ಟ್ರು ಅವಳನ್ನೇ ನೋಡಿದರು. "ಮೂವತ್ತು ವರ್ಷ ಪಾಠ ಮಾಡಿದೆ, ಈ ಬೊಂಬು ನನಗೆ ಹೊಳೀಲಿಲ್ಲ ನೋಡು" ಎಂದರು. "ಫೀನಾಲಿನಲ್ಲೂ ಒಂದೇ ಆಮ್ಲಜನಕ. ಪಕ್ಕದ ಕಾರ್ಬನ್ ಉಂಗುರ ಒಂಚೂರು ಕೈ ಕೊಡುತ್ತೆ, ಒಲ್ಲದ ಮನಸ್ಸಿಂದ. ಅದಕ್ಕೇ ಅದರ ಹುಳಿ ಬಡಕಲು. ಅಡುಗೆ ಸೋಡಾ ಹಾಕಿದರೆ ಫೀನಾಲ್ ಸುಮ್ಮನಿರುತ್ತೆ, ಕಾರ್ಬಾಕ್ಸಿಲ್ ಇದ್ದರೆ ಬುಸ್ಸಂತ ನೊರೆ ಉಕ್ಕುತ್ತೆ. ನೊರೆ ಬಂತೋ, ಕಾರ್ಬಾಕ್ಸಿಲ್ ಅಂತ ತಿಳ್ಕೋ."

ಕೊನೆಯ ಆ ಮಾತನ್ನು ಗಂಗಮ್ಮ ಗಂಟು ಹಾಕಿ ಇಟ್ಟುಕೊಂಡಳು. ಅದೇ ಮುಂದೆ ಕಾಲಿಗೆ ತೊಡರಿತು.

ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಒಬ್ಬರಾದ ಮೇಲೊಬ್ಬರು ಬಿಟ್ಟು ಹೋದರು. ಲ್ಯಾಬಿನ ಸೂರು ಸೋರತೊಡಗಿತು. "ಬೀರುವಿನ ಮ್ಯಾಲೇ ತೊಟ್ಟಿಕ್ತದೆ ಸಾರ್" ಎಂದು ಗಂಗಮ್ಮ ಪ್ರಾಂಶುಪಾಲ ರೇಣುಕಾಪ್ರಸಾದರಿಗೆ ಮೂರು ಸಲ ಹೇಳಿದಳು. ಮೂರು ಸಲವೂ ಅವರು "ನೋಡೋಣ" ಎಂದರು. ಒಂದು ಅಕ್ಟೋಬರಿನ ಮಳೆಗೆ ಬೀರುವಿನೊಳಗೆ ನೀರಿಳಿದು, ಸೀಸೆಗಳ ಚೀಟಿಗಳೆಲ್ಲ ನೆನೆದು ಉದುರಿದವು. ಹೆಚ್ಚಿನವನ್ನು ಬಣ್ಣದಿಂದ, ವಾಸನೆಯಿಂದ ಅವಳೇ ಗುರುತು ಹಿಡಿದಳು. ಬಿಳಿ ಪುಡಿ ತುಂಬಿದ ಒಂದೇ ತೆರನ ಎರಡು ಕಂದು ಸೀಸೆಗಳು ಮಾತ್ರ ಉಳಿದವು. ಕಾಲೇಜಿನಲ್ಲಿ ಕೇಳೋಣವೆಂದರೆ ತಿಳಿದವರಿಲ್ಲ; ಇಷ್ಟಕ್ಕೆಲ್ಲ ಮೇಷ್ಟ್ರಿಗೆ ಫೋನು ಯಾಕೆ ಎಂದುಕೊಂಡಳು. ಎರಡರಿಂದಲೂ ಚಿಟಿಕೆ ತೆಗೆದು ಸೋಡಾದ ನೀರಿಗೆ ಹಾಕಿದಳು. ಎರಡೂ ಬುಸ್ಸೆಂದವು. ನೊರೆ ಬಂತೋ, ಕಾರ್ಬಾಕ್ಸಿಲ್. ಬೀರುವಿನಲ್ಲಿ ಇದ್ದ ಬಿಳಿಯ ಕಾರ್ಬಾಕ್ಸಿಲ್ ಪುಡಿ ಎಂದರೆ ಬೆಂಜಾಯಿಕ್ ಒಂದೇ. ಎರಡಕ್ಕೂ ತನ್ನ ದುಂಡು ಅಕ್ಷರದಲ್ಲಿ ಅದೇ ಹೆಸರು ಬರೆದು ಅಂಟಿಸಿದಳು. ಯಾರ ನೆರವೂ ಇಲ್ಲದೆ ಬೀರು ಜೋಡಿಸಿದೆನೆಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ನಾಲ್ಕು ತಿಂಗಳಿಗೆ ಪ್ರಾಯೋಗಿಕ ಪರೀಕ್ಷೆ ಬಂತು. ಆ ವಾರವೇ ಗಂಗಮ್ಮನನ್ನು ಕಾಯಂ ಮಾಡುವ ಕಡತ ಆಡಳಿತ ಮಂಡಳಿಯ ಮುಂದೆ ಇತ್ತು. ಶನಿವಾರ ಸಭೆ, ಪರೀಕ್ಷೆ ಗುರುವಾರ.

ತುಮಕೂರಿನಿಂದ ಬಾಹ್ಯ ಪರೀಕ್ಷಕರಾಗಿ ಸುಧಾ ಮೇಡಂ ಬಂದಿದ್ದರು. ಒಬ್ಬೊಬ್ಬ ಹುಡುಗಿಗೂ ಹೆಸರಿಲ್ಲದ, ಬರಿಯ ಅಂಕಿ ಬರೆದ ಒಂದೊಂದು ಪುಟ್ಟ ಸೀಸೆ. ಒಳಗಿರುವ ವಸ್ತುವಿನ ಗುಣ ಪರೀಕ್ಷಿಸಿ, ಅದು ಯಾವ ಬಗೆಯದೆಂದು ಬರೆಯಬೇಕು. ಅಮೃತೂರಿನ ಹುಡುಗಿ ಕೃತಿಕಾಳಿಗೆ ಏಳನೆಯ ಸೀಸೆ ಸಿಕ್ಕಿತು. ಅದನ್ನು ತುಂಬಿಸಿಟ್ಟವಳು ಗಂಗಮ್ಮನೇ.

ಸುಧಾ ಮೇಡಂ ಹುಡುಗಿಯ ಉತ್ತರಪತ್ರಿಕೆ ನೋಡಿ ಹುಬ್ಬುಗಂಟಿಕ್ಕಿದರು. "ಸೋಡಾಕ್ಕೆ ನೊರೆ ಬಂತಾ?"

"ಬಂತು ಮ್ಯಾಮ್."

"ಹಾಗಿದ್ದರೆ ಕಾರ್ಬಾಕ್ಸಿಲಿಕ್ ಆಮ್ಲ ಅಂತ ಯಾಕೆ ಬರ್ದಿಲ್ಲ?"

"ಎಸ್ಟರ್ ಟೆಸ್ಟಿಗೆ ಬರ್ಬೇಕಾದ ಹಣ್ಣಿನ ವಾಸ್ನೆ ಬರ್ಲಿಲ್ಲ ಮ್ಯಾಮ್. ಫೆರಿಕ್ ಕ್ಲೋರೈಡ್ ಹಾಕಿದ್ರೆ ಅದ್ರ ಹಳದಿ ಬಣ್ಣಾನೇ ಹೊರಟೋಯ್ತು. ಹುಳಿ ಅಂತೂ ಹೌದು. ಕಾರ್ಬಾಕ್ಸಿಲ್ ಇದೆ ಅಂತ ನಾನ್ ಹೇಳಕ್ಕಾಗಲ್ಲ."

"ಪುಸ್ತಕದಲ್ಲಿ ಏನಿದೆಯಮ್ಮ? ನೊರೆ ಬಂದರೆ ಏನು?"

"ಪುಸ್ತಕದಲ್ಲಿ ಕಾರ್ಬಾಕ್ಸಿಲ್ ಅಂತಾನೇ ಇದೆ ಮ್ಯಾಮ್."

"ತಿದ್ದಿಕೋ. ಇನ್ನೂ ಐದು ನಿಮಿಷ ಇದೆ."

ಕೃತಿಕಾ ಲೇಖನಿ ಎತ್ತಲಿಲ್ಲ. "ನಾನ್ ಕಂಡಿದ್ದೇ ಬರ್ದಿರೋದು ಮ್ಯಾಮ್. ತಿದ್ದಿದ್ರೆ ಕಾಣ್ದಿರೋದು ಬರ್ದಂಗಾಗುತ್ತೆ."

ಸುಧಾ ಮೇಡಂ ಪಟ್ಟಿ ನೋಡಿದರು. ಏಳು: ಬೆಂಜಾಯಿಕ್ ಆಮ್ಲ. ಕೆಂಪು ಗೀಟು ಎಳೆದರು.

ಮೂಲೆಯ ತೊಟ್ಟಿಯ ಬಳಿ ನಿಂತಿದ್ದ ಗಂಗಮ್ಮ ಮನಸ್ಸಿನಲ್ಲೇ, ಎಲಾ ಹುಡ್ಗಿ, ಏನ್ ಹಟ ನಿಂದು, ಎಂದುಕೊಂಡಳು. ಹುಡುಗಿಯರು ಹೊರಟುಹೋದ ಮೇಲೆ ಪ್ರನಾಳಗಳನ್ನು ಬಾಚಿಕೊಂಡು ತೊಳೆಯಲು ನಿಂತಳು. ಬೆಂಜಾಯಿಕ್ ಎಂದರೆ ಬಿಸಿನೀರು ಬೇಕು. ಬರ್ನರಿನ ಮೇಲೆ ನೀರಿಟ್ಟಳು. ಅದು ಕಾಯುವ ಮೊದಲೇ, ರೂಢಿಯ ಮೇಲೆ, ಏಳನೆಯ ಸೀಸೆಯ ಪುಡಿ ಇದ್ದ ಪ್ರನಾಳವನ್ನು ನಲ್ಲಿಗೆ ಒಡ್ಡಿದಳು.

ತಳದಲ್ಲಿದ್ದ ಪುಡಿ ಒಂದೇ ನೀರಿಗೆ ಕರಗಿ ಹರಿದುಹೋಯಿತು. ಗಾಜು ಫಳಫಳ ಎಂದಿತು.

ಗಂಗಮ್ಮನ ಕೈ ನಿಂತಿತು. ಇಪ್ಪತ್ತು ವರ್ಷದಲ್ಲಿ ಬೆಂಜಾಯಿಕ್ ಒಂದು ದಿನವೂ ತಣ್ಣೀರಿಗೆ ಹೀಗೆ ಹೋದದ್ದಿಲ್ಲ. ಬೀರುವಿನಿಂದ ತಾನು ಚೀಟಿ ಅಂಟಿಸಿದ ಎರಡು ಸೀಸೆಗಳನ್ನೂ ತಂದು, ಎರಡು ಲೋಟ ತಣ್ಣೀರಿಗೆ ಚಿಟಿಕೆ ಚಿಟಿಕೆ ಉದುರಿಸಿದಳು. ಒಂದರಲ್ಲಿ ಪುಡಿ ಮೇಲೆ ತೇಲಿತು. ಇನ್ನೊಂದರಲ್ಲಿ ಸಕ್ಕರೆಯಂತೆ ಕರಗಿತು. ಹುಡುಗಿಯ ಕಣ್ಣು ಸರಿಯಾಗಿತ್ತು. ತಪ್ಪಿದ್ದು ತನ್ನ ಚೀಟಿ.

ಲ್ಯಾಬಿನ ಹಿಂಬದಿಗೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿದಳು. "ಮೇಷ್ಟ್ರೆ, ಸೋಡಾಕ್ಕೆ ನೊರೆ ಬತ್ತದೆ, ತಣ್ಣೀರಲ್ಲಿ ಕರಗ್ತದೆ, ಫೆರಿಕ್ ಕ್ಲೋರೈಡಿನ ಹಳದಿ ತಿಂದ್ಹಾಕ್ತದೆ. ಯಾವುದದು?"

ಅತ್ತ ಕಡೆ ಮೇಷ್ಟ್ರ ದನಿ ಕುಗ್ಗಿತು. "ನೆಲ್ಲಿಕಾಯಿ ಪ್ರಾಜೆಕ್ಟು ನೆನಪಿದೆಯಾ? ದೇವರಾಯನದುರ್ಗದಿಂದ ಕಾಯಿ ತಂದು ವಿಟಮಿನ್ ಸಿ ಎಷ್ಟಿದೆ ಅಂತ ಅಳೆದಿದ್ದೆವಲ್ಲ. ಆಗ ತರಿಸಿದ ವಿಟಮಿನ್ ಸಿ ಪುಡಿ, ಒಂದು ಸೀಸೆ ಮಿಕ್ಕಿತ್ತು."

"ಅದ್ರಲ್ಲಿ ಕಾರ್ಬಾಕ್ಸಿಲ್ ಐತಾ?"

"ಇಲ್ಲ ಗಂಗಮ್ಮ. ಇಲ್ಲ. ಆದರೂ ನೊರೆ ಬರುತ್ತೆ. ಅಲ್ಲಿ ಮೂಟೆ ಹೊರುವ ಎರಡು ಆಮ್ಲಜನಕ ಒಂದೇ ಕಾರ್ಬನ್ನಿಗೆ ಅಂಟಿಕೊಂಡಿಲ್ಲ. ನಡುವೆ ಮೂರು ಕಾರ್ಬನ್ ಸಾಲಾಗಿವೆ. ಮೂಟೆ ಆ ಸಾಲಿನುದ್ದಕ್ಕೂ ಜರುಗಿ ಎರಡು ತುದಿಯವರ ಹೆಗಲ ಮೇಲೂ ಕೂರುತ್ತೆ."

"ಬೊಂಬು ಉದ್ದ, ಅಷ್ಟೇಯಾ."

"ಅಷ್ಟೇ. ನೊರೆ ಬಂತೋ ಕಾರ್ಬಾಕ್ಸಿಲ್ ಅಂದೆನಲ್ಲ, ಅದು ನನ್ನ ಅವಸರದ ಮಾತು. ಹೊರೋದಕ್ಕೆ ಜನ ಇದ್ದರೆ ಆಮ್ಲ. ಅವರ ಮನೆತನದ ಹೆಸರು ಯಾವುದಾದರೂ ಆಗಲಿ. ತಪ್ಪಿನಲ್ಲಿ ನನ್ನ ಪಾಲೂ ಇದೆ. ನಾನು ಬರಲೇ?"

"ನೀವು ಬರಾ ಹೊತ್ಗೆ ಅಂಕ ಬರ್ದು ಲಕೋಟೆ ಅಂಟ್ಸಿರ್ತಾರೆ. ನಾನೇ ಹೋಯ್ತೀನಿ ಬುಡಿ."

ಲ್ಯಾಬಿನ ಹಿಂಬಾಗಿಲಲ್ಲಿ ರೇಣುಕಾಪ್ರಸಾದರು ನಿಂತಿದ್ದರು. ಫೋನಿನ ಮಾತು ಅವರ ಕಿವಿಗೆ ಬಿದ್ದಿತ್ತು. ಅವರು ದುಷ್ಟರಲ್ಲ, ಕಾಲೇಜಿನ ಹೆಸರಿಗೆ ಬಹಳ ಅಂಜುವವರು.

"ಗಂಗಮ್ಮ, ಬಾಯಿ ಮುಚ್ಕೊಂಡಿರಿ. ಒಂದು ಹುಡುಗಿಗೆ ನಾಕು ಮಾರ್ಕ್ಸ್ ಹೋದ್ರೆ ಪ್ರಪಂಚ ಮುಳುಗಲ್ಲ. ಪರೀಕ್ಷೆಯಲ್ಲಿ ತಪ್ಪು ಸೀಸೆ ಇಟ್ರು ಅಂತ ರಿಪೋರ್ಟ್ ಹೋದ್ರೆ ನಮ್ಮ ಸೆಂಟರ್ರೇ ಹೋಗುತ್ತೆ. ಶನಿವಾರ ನಿಮ್ಮ ಫೈಲಿದೆ, ಗೊತ್ತಲ್ಲ?"

ಇಪ್ಪತ್ತು ವರ್ಷ ಕಾದ ಕಡತ. ಗಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದದ್ದು ಸುಳ್ಳಲ್ಲ. ನಾಲ್ಕು ಅಂಕದ ಬೆಲೆ ಎಷ್ಟೆಂದು ಪ್ರಾಂಶುಪಾಲರ ಲೆಕ್ಕದಲ್ಲಿ ಇತ್ತು. ಕಂಡದ್ದನ್ನು ಕಂಡ ಹಾಗೆ ಬರೆದದ್ದಕ್ಕೆ ಕೆಂಪು ಗೀಟು ಬಿದ್ದರೆ ಆ ಹುಡುಗಿ ಮುಂದೆ ಏನು ಬರೆದಾಳು ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

"ದಾರಿ ಬುಡಿ ಸಾರ್" ಎಂದಳು.

"ಕೆಲಸ ಹೋಗುತ್ತೆ, ಯೋಚ್ನೆ ಮಾಡಿ."

"ಕೆಲ್ಸ ಹೋಗೋದು ನಂಗೇನು ಹೊಸದಲ್ಲ. ಇಂತಾ ಮಾತಿಗೇ ಹೋಗಿ, ಇಂತಾ ಮಾತಿಗೇ ಇಲ್ಲಿಗೆ ಬಂದೋಳು ನಾನು."

ಸುಧಾ ಮೇಡಂ ಲಕೋಟೆಗೆ ಅರಗು ಕರಗಿಸುತ್ತಿದ್ದರು. ಗಂಗಮ್ಮ ಎರಡು ಸೀಸೆಗಳನ್ನೂ ಅವರ ಮೇಜಿನ ಮೇಲೆ ಕುಕ್ಕಿದಳು. "ಮೇಡಂ, ಏಳನೇ ಸೀಸೆ ಬೆಂಜಾಯಿಕ್ ಅಲ್ಲ. ಚೀಟಿ ತಪ್ಪು ಬರ್ದೋಳು ನಾನು. ಹುಡ್ಗಿ ಬರ್ದಿರೋದೇ ಸರಿ."

"ನೊರೆ ಬಂದಿದೆಯಲ್ಲಮ್ಮ?"

"ನನ್ಗೂ ನೊರೆನೇ ಮೋಸ ಮಾಡಿದ್ದು. ಅಯೋಡಿನ್ ಹಾಕಿ ನೋಡಿ."

ನೆಲ್ಲಿಕಾಯಿಯ ರಸಕ್ಕೆ ಅಯೋಡಿನ್ ತೊಟ್ಟು ಹಾಕಿದಾಗಲೆಲ್ಲ ಬಣ್ಣ ಮಾಯವಾಗುತ್ತಿದ್ದುದು ಅವಳಿಗೆ ನೆನಪಿತ್ತು. ಸುಧಾ ಮೇಡಂ ಅನುಮಾನದಿಂದಲೇ ಎರಡು ಪ್ರನಾಳ ತೆಗೆದುಕೊಂಡರು. ಬೆಂಜಾಯಿಕ್ಕಿನಲ್ಲಿ ಅಯೋಡಿನ್ನಿನ ಕಂದು ಹಾಗೆಯೇ ಉಳಿಯಿತು. ಏಳನೆಯದರಲ್ಲಿ ತೊಟ್ಟು ಬಿದ್ದದ್ದೇ ತಡ, ಬಣ್ಣ ಇಲ್ಲ. ಇನ್ನೊಂದು ತೊಟ್ಟು, ಅದೂ ಇಲ್ಲ. ಮೂರನೆಯದು ಹಾಕುವ ಹೊತ್ತಿಗೆ ಅವರೇ ನಕ್ಕುಬಿಟ್ಟರು.

"ಆಸ್ಕಾರ್ಬಿಕ್ ಆಸಿಡ್, ವಿಟಮಿನ್ ಸಿ! ನಾನೂ ಪುಸ್ತಕದ ಸಾಲು ಹಿಡ್ಕೊಂಡು ಕೂತೆ ನೋಡಿ. ನಿಮಗೆ ಹೇಗೆ ಗೊತ್ತಾಯ್ತು?"

"ತೊಳೀವಾಗ ಸಲೀಸಾಗಿ ಹೋಯ್ತು ಮೇಡಂ. ಅದುಕ್ಕೇ ಅನುಮಾನ ಬಂತು."

ಕೆಂಪು ಗೀಟಿನ ಮೇಲೆ ಸುಧಾ ಮೇಡಂ ಸಹಿ ಹಾಕಿ, ಕೃತಿಕಾಳಿಗೆ ಪೂರ್ತಿ ಅಂಕ ಕೊಟ್ಟರು. ಆದ ತಪ್ಪನ್ನು ವರದಿಯಲ್ಲಿಯೂ ಬರೆದರು. ಬರೆಯದೆ ಅಂಕ ಬದಲಿಸುವಂತಿರಲಿಲ್ಲ.

ಶನಿವಾರದ ಸಭೆಯಲ್ಲಿ ಗಂಗಮ್ಮನ ಕಡತ ತೆರೆಯಲೇ ಇಲ್ಲ. ಸೋಮವಾರ ರೇಣುಕಾಪ್ರಸಾದರು ಟೈಪು ಮಾಡಿದ ಒಂದು ಹಾಳೆಯನ್ನು ಮುಂದಿಟ್ಟರು. "ಅನಕ್ಷರಸ್ಥಳಾದ ನಾನು ತಿಳಿಯದೆ ಸೀಸೆ ಅದಲುಬದಲು ಮಾಡಿದೆನು" ಎಂದು ಅದರಲ್ಲಿತ್ತು. ಕೆಳಗೆ ಹೆಬ್ಬೆಟ್ಟಿಗೆ ಜಾಗ. "ಒತ್ತಿಬಿಡಿ. ಮಂಡಳಿಯವರಿಗೆ ನಾನು ಹೇಳ್ತೀನಿ. ಹಂಗಾಮಿ ಆಗಿಯಾದ್ರೂ ಇರಬಹುದು."

ಗಂಗಮ್ಮ ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, "ಅನಕ್ಷರಸ್ಥೆ ಅಂತ ಇರ್ಬೇಕಿತ್ತು ಸಾರ್" ಎಂದು ಹಾಳೆಯನ್ನು ಮಗುಚಿ, ಅದರ ಬೆನ್ನ ಮೇಲೆ ತಾನೇ ಬರೆದಳು:

"ಚೀಟಿ ತಪ್ಪು ಅಂಟಿಸಿದ್ದು ನಾನು. ಓದು ಬರದೆ ಅಲ್ಲ, ಒಂದೇ ಪರೀಕ್ಷೆ ನಂಬಿ. ಹುಡುಗಿ ಬರೆದದ್ದು ಸರಿ. ಸೂರು ಸೋರುತ್ತದೆಂದು ಮೂರು ಸಲ ಹೇಳಿದ್ದೆ. ಈಗಲೂ ಸೋರುತ್ತಿದೆ. ಎಸ್. ದೊಡ್ಡಗಂಗಮ್ಮ."

ಬೀಗದ ಕೈಗೊಂಚಲನ್ನು ಆ ಹಾಳೆಯ ಮೇಲಿಟ್ಟು ಹೊರಗೆ ಬಂದಳು. ಗೇಟಿನಲ್ಲಿ ಕೃತಿಕಾ ಕಾಯುತ್ತಿದ್ದಳು. ಅಳುವುದಕ್ಕೆ ಮುಖ ಸಿದ್ಧವಾಗಿತ್ತು. "ನನ್ನಿಂದ ಅಲ್ವಾ ಅಕ್ಕ?"

"ನಿನ್ನಿಂದ ಯಾಕೇ? ಚೀಟಿ ನಂದು ಕಣೇ. ನೀನು ತಿದ್ದಿದ್ದಿದ್ರೆ ಮಾತ್ರ ನಿನ್ ಜುಟ್ಟು ಹಿಡ್ದು ಕೇಳ್ತಿದ್ದೆ. ಹೋಗು, ಕ್ಲಾಸಿಗೆ ಬೆಲ್ ಆಯ್ತು."

ಎರಡು ತಿಂಗಳು ಅವಳು ಹುಣಸೆ ಬೀಜ ಬಿಡಿಸಿದಳು, ಗುಂಡಯ್ಯನ ಮಂಡಿಗೆ ಎದುರಿನ ಮಂಡಿಯಲ್ಲಿಯೇ. ಮುದುಕನಾಗಿದ್ದ ಗುಂಡಯ್ಯ ಗುರುತು ಹಿಡಿದು, "ಏನಮ್ಮೀ, ಇಪ್ಪತ್ತೊರ್ಸ ಆದ್ರೂ ನಾಲ್ಗೆ ಸಣ್ದಾಗಿಲ್ವಾ?" ಎಂದು ಛೇಡಿಸಿದ. "ಹುಣ್ಸೆ ಮರ ಮುಪ್ಪಾದ್ರೆ ಹುಳಿ ಮುಪ್ಪಾಯ್ತದಾ ಸಾವ್ಕಾರ್ರೆ?" ಎಂದಳು ಇವಳು. ಬೇಸಿಗೆ ಕಳೆಯುವುದರೊಳಗೆ ಸುಧಾ ಮೇಡಮ್ಮಿನ ಪರಿಚಯದವರಿಂದ ಕರೆ ಬಂತು. ಕುಣಿಗಲ್ಲಿನ ಒಂದು ಕಾಲೇಜಿನ ಲ್ಯಾಬಿಗೆ ಜನ ಬೇಕಿತ್ತು. ಹಿಂದಿನ ಕೆಲಸ ಯಾಕೆ ಬಿಟ್ಟಿರೆಂದು ಅಲ್ಲಿ ಕೇಳಿದಾಗ ಗಂಗಮ್ಮ ಒಂದು ಸೀಸೆಯ ಕಥೆಯನ್ನು ಅಡಗಿಸದೆ ಹೇಳಿದಳು. ಆಮೇಲೆ ತಾನೇ ಕೇಳಿದಳು: "ನಿಮ್ ಸೂರು ಸೋರ್ತದಾ?"

ಈಗ ಅವಳು ಕುಣಿಗಲ್ಲಿನಲ್ಲಿದ್ದಾಳೆ. ಅಲ್ಲಿನ ಬೀರುವಿನ ಸೀಸೆಗಳಿಗೆ ಎರಡೆರಡು ಚೀಟಿ. ಒಂದರ ಮೇಲೆ ಹೆಸರು. ಇನ್ನೊಂದರ ಮೇಲೆ ಅದು ತಣ್ಣೀರಿಗೆ ಏನು ಮಾಡಿತು, ಸೋಡಾಕ್ಕೆ ಏನು ಮಾಡಿತು, ಅಯೋಡಿನ್ನಿಗೆ ಏನು ಮಾಡಿತು ಎಂಬ ವಿವರ, ಎಲ್ಲಕ್ಕೂ ಮೇಣ ಸವರಿದೆ. ಕೃತಿಕಾ ತುಮಕೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ, ಅಮೃತೂರಿಗೆ ಹೋಗುವಾಗ ಕುಣಿಗಲ್ಲಿನಲ್ಲಿ ಬಸ್ಸು ಬದಲಿಸುವ ನೆಪದಲ್ಲಿ ಲ್ಯಾಬಿಗೆ ಬಂದು ಹರಟಿ ಹೋಗುತ್ತಾಳೆ. ಮೇಷ್ಟ್ರಿಗೆ ಎಂಬತ್ತು ದೂರವಿಲ್ಲ. ಮೂರು ಕಾರ್ಬನ್ನಿನ ಉದ್ದ ಬೊಂಬಿನ ಚಿತ್ರ ಬರೆದು ಅಂಚೆಯಲ್ಲಿ ಕಳಿಸಿದ್ದರು. ಅದು ತೊಟ್ಟಿಯ ಮೇಲಿನ ಗೋಡೆಯಲ್ಲಿದೆ.

ಹೊಸ ತಂಡದ ಹುಡುಗಿಯರು ಬಂದ ಮೊದಲ ದಿನ ಗಂಗಮ್ಮ ಒಂದು ನಿಯಮ ಹೇಳುತ್ತಾಳೆ: ಅವರವರ ಪ್ರನಾಳ ಅವರವರೇ ತೊಳೆಯಬೇಕು. ಮೊನ್ನೆ ಒಬ್ಬಳು ಮೂತಿ ಉಬ್ಬಿಸಿದಳು. "ತೊಳೆಯೋಕೆ ತಾನೇ ಅಕ್ಕ ನಿಮ್ಮನ್ನ ಇಟ್ಕೊಂಡಿರೋದು?"

"ಪ್ರಿನ್ಸಿಪಾಲರಿಗೆ ಹೇಳ್ಕೊ ಹೋಗು. ನಾನಂತೂ ತೊಳ್ಕೊಡಲ್ಲ."

ಹುಡುಗಿ ಗೊಣಗುತ್ತ ನಲ್ಲಿ ತಿರುಗಿಸಿ ಕುಂಚ ಆಡಿಸಿದಳು. ಆಡಿಸಿದಳು, ಬಗ್ಗಿ ನೋಡಿದಳು, ಮತ್ತೆ ಆಡಿಸಿದಳು. "ಅಕ್ಕಾ, ಇದು ಹೋಗ್ತಾನೇ ಇಲ್ಲ. ಗಾಜಿಗೆ ಅಂಟ್ಕೊಂಡ್ಬಿಟ್ಟಿದೆ."

"ಅಂಟ್ಕೊಂಡೈತಾ?" ಎಂದು ಗಂಗಮ್ಮ ಬರ್ನರಿನ ಮೇಲಿದ್ದ ಬಿಸಿನೀರನ್ನು ಅವಳ ಕಡೆಗೆ ಸರಿಸಿದಳು. "ಮೊದ್ಲು ಬುಕ್ಕಲ್ಲಿ ಅದುನ್ ಬರ್ಕೋ. ಆಮ್ಯಾಕೆ ಇದುನ್ ಹುಯ್ಕೋ."